ಕುದುರೆಗೆ ಹಾಕಿದ ಗೊಟ್ಟ

ಬೆಳಿಗ್ಗೆ ಎದ್ದು ಹಿತ್ತಲ ಬಾಗಿಲು ತೆಗೆದ ಕೂಡಲೇ ನಾನು ನಮ್ಮ ಕುದುರೆಯ ಪಕ್ಕೆ ನೋಡುತ್ತೇನೆ. ಒಂದು ಉಸಿರು, ಎರಡು ಉಸಿರು ಎಂದು ಎಣಿಸುತ್ತೇನೆ. ಎಣಿಕೆ ನಿನ್ನೆಯಷ್ಟೇ ಇದ್ದರೆ ಒಳಗೆ ಬಂದು ಚಹಾಕ್ಕೆ ಇಡುತ್ತೇನೆ. ಚಹಾ ಕುದಿಯುವುದರೊಳಗೆ ಬಲೆ ಚೀಲದಲ್ಲಿ ತುಂಬಿದ ಹುಲ್ಲನ್ನು ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ, ಮೇಲೆತ್ತಿ, ನೀರು ಸೋರಲೆಂದು ಬೇವಿನ ಕೊಂಬೆಗೆ ತೂಗುಹಾಕಬೇಕು. ಡ್ರಮ್ಮಿನ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಒಣ ಹುಲ್ಲಿನಲ್ಲಿ ಅಷ್ಟು ಧೂಳಿರುತ್ತದೆ. ಮೊದಲು ಆ ಧೂಳನ್ನು ನಮ್ಮ ಕುದುರೆ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಈಗ ಹತ್ತಿರದಲ್ಲಿ ಒಂದು ಹಿಡಿ ಹುಲ್ಲು ಕೊಡವಿದರೂ ಕೆಮ್ಮುತ್ತದೆ. ಅದು ಕೆಮ್ಮಿದಾಗಲೆಲ್ಲ ನನ್ನ ಬಲಗೈ ತಾನಾಗಿ ಬಿಗಿಯುತ್ತದೆ, ಹಗ್ಗ ಹಿಡಿದಿರುವಂತೆ.

ರಾಯಚೂರಿನಲ್ಲಿ ನಮ್ಮ ಮನೆ ಇರುವುದು ಅಕ್ಕಿ ಗಿರಣಿಗಳ ಸಾಲಿನ ಹಿಂದೆ. ಮದುವೆ ಮೆರವಣಿಗೆಗೆ ಕುದುರೆ ತೆಗೆದುಕೊಂಡು ಹೋಗುವುದು ನಮ್ಮ ಯಜಮಾನರ ಕಸುಬು. ಇರುವುದು ಇದೊಂದೇ ಕುದುರೆ. ಹೆಣ್ಣು. ಮೈಯೆಲ್ಲ ಬಿಳುಪು, ಮೂತಿಯ ಮೇಲಷ್ಟೇ ಬೂದು ಚುಕ್ಕೆಗಳು. ಮಾನ್ವಿ, ದೇವದುರ್ಗ, ನೀರಮಾನ್ವಿ, ಎಲ್ಲಿ ಮದುವೆ ಇರುತ್ತದೋ ಅಲ್ಲಿಗೆ ಟೆಂಪೊ ಹತ್ತಿಸಿಕೊಂಡು ಹೋಗಿ ಬರುತ್ತಾರೆ. ಮದುಮಗನನ್ನು ಕೂರಿಸುವುದು, ಡಿಜೆ ಸದ್ದಿಗೆ ಕುದುರೆ ಬೆದರದಂತೆ ಹಿಡಿಯುವುದು ಅವರ ಪಾಲಿಗೆ. ಅದರ ಹೊಟ್ಟೆ ನನ್ನ ಪಾಲಿಗೆ.

ನಾನು ಹುಟ್ಟಿ ಬೆಳೆದದ್ದು ದೇವದುರ್ಗ ತಾಲ್ಲೂಕಿನ ಮಸರಕಲ್‌ನಲ್ಲಿ, ಎತ್ತು ಎಮ್ಮೆಗಳ ಮನೆಯಲ್ಲಿ. ಕುದುರೆ ಎಂದರೆ ಕೋಡಿಲ್ಲದ ಎಮ್ಮೆ ಎಂದೇ ನಾನು ತಿಳಿದಿದ್ದೆ. ಈ ಕುದುರೆ ಬಂದ ಹೊಸತರಲ್ಲಿ ಒಂದು ದಿನ ಬಕೆಟ್ಟಿನಲ್ಲಿ ಮುಸುರೆ ಕಲಸುತ್ತ ಕೂತಿದ್ದೆ. ಪಕ್ಕದ ಮನೆಯ ಚಾಚಾ ಗೋಡೆಯಾಚೆಯಿಂದ ಇಣುಕಿದರು. ಸ್ಟೇಷನ್ ಮುಂದೆ ಟಾಂಗಾ ಹೊಡೆದೇ ತಲೆ ಹಣ್ಣಾದ ಮನುಷ್ಯ.

“ಅದೇನ್ ಕಲಸಾಕತ್ತೀಯವ್ವಾ?”

“ಮುಸುರಿರೀ ಚಾಚಾ. ಗಂಜಿ, ತೌಡು, ಹತ್ತಿಕಾಳಿನ ಹಿಂಡಿ.”

“ಎಮ್ಮಿ ಯಾವಾಗ ತಂದ್ರಿ?”

“ಎಮ್ಮಿ ಎಲ್ಲೀದರೀ, ಕುದ್ರಿಗೇ ಕಲಸೀನಿ.”

“ಹೌದಾ? ಹಂಗಾರ ನಾಳಿ ಮುಂಜಾನಿ ಚಂಬು ಕಳಸ್ತೀನಿ, ಅರ್ಧ ಸೇರು ಹಾಲು ಹಿಂಡಿ ಕೊಡು.”

ನಾನು ನಾಚಿ ಬಕೆಟ್ಟು ಬದಿಗೆ ಸರಿಸಿದೆ. ಚಾಚಾ ಗೋಡೆ ಸುತ್ತಿ ಒಳಗೆ ಬಂದು, ಕಲ್ಲಿನ ಮೇಲೆ ಕೂತು, ಒಂದೊಂದಾಗಿ ಹೇಳಿಕೊಟ್ಟರು. ಎಮ್ಮೆ ಏನು ತಿಂದರೂ ಮೆಲುಕು ಹಾಕಿ ಅರಗಿಸುತ್ತದೆ. ಕುದುರೆಯ ಹೊಟ್ಟೆ ಸಣ್ಣದು, ಮೆಲುಕಿಲ್ಲ, ತಪ್ಪಿದ್ದು ಒಳಗೆ ಹೋದರೆ ವಾಂತಿ ಮಾಡಿ ಹೊರಗೆ ಹಾಕುವುದಕ್ಕೂ ಅದಕ್ಕೆ ಬರುವುದಿಲ್ಲ. ಅದಕ್ಕೇ ಹುಲ್ಲು ಹೆಚ್ಚು, ಕಾಳು ಕಡಿಮೆ. ಹುಲ್ಲು ಮೊದಲು, ಕಾಳು ಆಮೇಲೆ. ಒಂದೇ ಸಲ ಗುಡ್ಡೆ ಹಾಕದೆ ದಿನಕ್ಕೆ ನಾಲ್ಕೈದು ಸಲ. ಕಾಳನ್ನು ಡಬ್ಬಿಯಲ್ಲಿ ಅಳೆಯಬಾರದು, ತೂಗಬೇಕು, ಏಕೆಂದರೆ ಒಂದು ಡಬ್ಬಿ ತೌಡು ಹಗುರ, ಅದೇ ಡಬ್ಬಿ ಹುರುಳಿ ಭಾರ. ಮೇವು ಬದಲಿಸುವುದಾದರೆ ಹೊಸತನ್ನು ದಿನಕ್ಕೊಂದು ಹಿಡಿ ಸೇರಿಸುತ್ತ ಎಂಟು ಹತ್ತು ದಿನ ತೆಗೆದುಕೊಳ್ಳಬೇಕು. ಬೂಸಲು ವಾಸನೆ ಬಂದ ಹುಲ್ಲು ಎಷ್ಟೇ ಇರಲಿ, ಹೊರಗೆ.

“ಇನ್ನೊಂದು ಮಾತು,” ಎಂದು ಏಳುವಾಗ ಹೇಳಿದರು. “ಇದು ಮುಖ ಕೆಳಗ ಇಟ್ಕೊಂಡು ತಿನ್ನೋ ಜೀವ. ಅದರ ಮುಖ ಮ್ಯಾಲ ಎತ್ತಿ ಬಾಯಾಗ ಏನೂ ಸುರೀಬ್ಯಾಡ. ನೀರು ಬ್ಯಾಡ, ಔಷಧ ಬ್ಯಾಡ, ಅಮೃತ ಆದ್ರೂ ಬ್ಯಾಡ. ಉಳದಿದ್ದೆಲ್ಲ ಮರತ್ರೂ ಇದೊಂದು ಮರೀಬ್ಯಾಡ ಬೇಟಿ.”

ಮರೆಯಲಿಲ್ಲ. ಅದೇ ಈಗ ನನ್ನನ್ನು ಕಾಡುವುದು.

ಆ ದಿನದಿಂದ ಕ್ರಮ ಕಟ್ಟಿಕೊಂಡೆ. ಗುಜರಿಯವರು ಬಳಸುವಂಥ ಒಂದು ಕೊಕ್ಕೆ ತಕ್ಕಡಿ ತರಿಸಿದೆ. ನೆಲದ ಮೇಲೆ ಹಾಕಿದ ಹುಲ್ಲಿನಲ್ಲಿ ಅದು ಅರ್ಧ ತಿಂದು ಅರ್ಧ ತುಳಿದು, ಅದರ ಮೇಲೇ ಉಚ್ಚೆ ಹೊಯ್ಯುತ್ತಿತ್ತು. ತಿಂದದ್ದರ ಜೊತೆ ಮಣ್ಣೂ ಹೊಟ್ಟೆಗೆ ಹೋಗುತ್ತಿತ್ತು. ನೂಲಿನ ಹಗ್ಗ ತಂದು ಸಣ್ಣ ಕಣ್ಣಿನ ಬಲೆ ಹೆಣೆದೆ. ಎದೆಯ ಮಟ್ಟಕ್ಕೆ ತೂಗುಹಾಕಿದ ಬಲೆಯಿಂದ ಅದು ನಾಲ್ಕು ಎಳೆ, ನಾಲ್ಕು ಎಳೆ ಎಂದು ಎಳೆದು ತಿನ್ನುವುದನ್ನು ಕಲಿಯಿತು. ಕೆಳಗೆ ಉದುರಿದ್ದು ಓಣಿಯ ಆಕಳಿಗೆ ಹೋಗುತ್ತಿತ್ತು. ಒಂದು ಹೊರೆ ಹುಲ್ಲು ಮೊದಲಿಗಿಂತ ಎಷ್ಟೋ ದಿನ ಹೆಚ್ಚಿಗೆ ಬರತೊಡಗಿತು. ಆ ಬಲೆ ನೋಡಿ ಚಾಚಾ ಒಂದು ಸಲ ತಲೆಯಾಡಿಸಿದರು. ಅವರು ಅದಕ್ಕಿಂತ ಹೆಚ್ಚು ಹೊಗಳಿದ್ದನ್ನು ನಾನು ಕಂಡಿಲ್ಲ.

ಮದುವೆಗಳಲ್ಲಿ ಮಾತ್ರ ಕಾವಲು ಕಷ್ಟ. ಕುದುರೆ ಕಂಡರೆ ಜನಕ್ಕೆ ಏನಾದರೂ ತಿನ್ನಿಸುವ ಆಸೆ. ಒಬ್ಬರು ಪೇಢೆ, ಒಬ್ಬರು ಸಿಪ್ಪೆ ಸಮೇತ ಬಾಳೆಹಣ್ಣು, ಒಬ್ಬರು ಬೊಗಸೆ ತುಂಬ ನೆನೆಸಿದ ಕಡಲೆ. ಕೊಡುವವರು ಒಂದೊಂದೇ ತುತ್ತು ಕೊಡುತ್ತಾರೆ, ತಿನ್ನುವ ಹೊಟ್ಟೆ ಒಂದೇ ಎಂದು ಯಾರಿಗೂ ಹೊಳೆಯುವುದಿಲ್ಲ. ಬೇಡವೆಂದರೆ ಮುಖ ಸಣ್ಣದಾಗುತ್ತದೆ. ಯಜಮಾನರು ಒಂದು ಉಪಾಯ ಕಂಡುಕೊಂಡಿದ್ದರು. ಮಾನ್ವಿಯ ಮದುವೆಯೊಂದರಲ್ಲಿ ಬೀಗರ ಹೆಂಗಸೊಬ್ಬರು ತಟ್ಟೆ ತುಂಬ ಜಿಲೇಬಿ ತಂದಾಗ ಕೈಮುಗಿದು ಹೇಳಿದರಂತೆ, “ಬ್ಯಾಡ್ರೀ ಯಕ್ಕಾ, ಇದಕ್ಕ ಸಕ್ರಿ ಕಾಯಿಲಿ ಅದ.” ಆ ಹೆಂಗಸು ಮರುಗಿ, “ಅಯ್ಯ ಶಿವನ, ನನಗೂ ಅದ ನೋಡ್ರೀ,” ಎಂದು ತಟ್ಟೆ ಒಳಗೆ ತೆಗೆದುಕೊಂಡು ಹೋದರಂತೆ. ಆ ಕಥೆ ಹೇಳಿ ನಾವು ಎಷ್ಟು ಸಲ ನಕ್ಕಿದ್ದೇವೋ. ಹೊರಗಿನವರನ್ನು ಹೀಗೆ ನಗುತ್ತ ತಡೆಯಬಹುದು. ತವರಿನವರನ್ನು ಹೇಗೆ ತಡೆಯುವುದೆಂದು ನಮಗೆ ಗೊತ್ತಿರಲಿಲ್ಲ.

ಹೋದ ವರ್ಷ ಮುಂಗಾರಿನ ಮೊದಲ ಮಳೆಗೆ ನಮ್ಮ ಹಿತ್ತಲಿಗೆ ಚರಂಡಿ ನೀರು ನುಗ್ಗಿತು. ಕುದುರೆ ಕೊಳಚೆಯಲ್ಲಿ ನಿಲ್ಲುವಂತಾಯಿತು. ಮದುವೆಗಳ ಕಾಲವೂ ಮುಗಿಯುತ್ತ ಬಂದಿತ್ತು. ಕೊಟ್ಟಿಗೆಯ ನೆಲ ಎತ್ತರಿಸಿ ಗಟ್ಟಿ ಮಾಡುವವರೆಗೆ ಮಸರಕಲ್‌ನಲ್ಲಿ ಅಣ್ಣನ ಮನೆಯಲ್ಲಿ ಕಟ್ಟೋಣ ಎಂದುಕೊಂಡೆವು. ಯಜಮಾನರು ಇಲ್ಲಿ ಗೌಂಡಿಯವರ ಜೊತೆ ನಿಂತರು. ನಾನು ಕುದುರೆಯ ಜೊತೆ ಟೆಂಪೊದಲ್ಲಿ ಹೋದೆ. ಹಳೆಯ ಹುಲ್ಲಿನ ಹೊರೆಗಳು, ಬಲೆ, ತಕ್ಕಡಿ, ಹುರುಳಿಯ ಚೀಲ, ಉಪ್ಪಿನ ಗಡ್ಡೆ, ಎಲ್ಲವನ್ನೂ ಒಯ್ದೆ.

ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ಅಪ್ಪ ಬೇಗ ಹೋದ ಮೇಲೆ ನನ್ನ ಮದುವೆ ಮಾಡಿದವನು. ಟೆಂಪೊದಿಂದ ಸಾಮಾನು ಇಳಿಸುತ್ತ ಅವನು ನಕ್ಕ. “ಕುದ್ರಿ ತಂದಿಯೋ, ಬಾಣಂತಿ ಕರಕೊಂಡು ಬಂದಿಯೋ? ನಮ್ಮೂರಾಗ ಹುಲ್ಲಿಲ್ಲೇನವ್ವಾ?”

“ಹೊಸ ಹುಲ್ಲು ಸ್ವಲ್ಪ ಸ್ವಲ್ಪ ರೂಢಿ ಮಾಡ್ಬೇಕಣ್ಣಾ. ಒಮ್ಮೆಲೆ ಹಾಕಿದ್ರ ಹೊಟ್ಟಿ ಹಿಡೀತದ.”

“ನಾ ಹುಟ್ಟಿದಾಗಿಂದ ದನದಾಗ ಅದೀನಿ, ನನಗ ಮೇವು ಹಾಕಾದು ಕಲಸ್ತಿ,” ಎಂದ. ಸಿಟ್ಟಿರಲಿಲ್ಲ. ತಂಗಿ ದೊಡ್ಡವಳಾಗಿದ್ದಾಳೆ ಎನ್ನುವ ಹೆಮ್ಮೆಯೂ ಆ ದನಿಯಲ್ಲಿತ್ತು.

ಐದು ದಿನ ನಾನು ಬೇಡ, ಬೇಡ ಎನ್ನುತ್ತಲೇ ಇದ್ದೆ. ಅತ್ತಿಗೆ ಎಮ್ಮೆಯ ಮುಸುರೆಯಲ್ಲಿ ಪಾಲು ತಂದರೆ ಬೇಡ. ಅಣ್ಣ ಬದುವಿನ ಹಸಿ ಹುಲ್ಲು ಹೊರೆಗಟ್ಟಲೆ ಹಾಕಲು ಬಂದರೆ ಬೇಡ, ಒಂದು ಹಿಡಿ ಸಾಕು. ಪಕ್ಕದವರು ಹಿಂದಿನ ದಿನದ ತಂಗಳ ರೊಟ್ಟಿ ತಂದರೆ ಬೇಡ. ಐದನೆಯ ದಿನ ಅತ್ತಿಗೆ ಒಲೆಯ ಮುಂದೆ ಕೂತು ನನಗೆ ಕೇಳುವಷ್ಟೇ ದನಿಯಲ್ಲಿ ಅಂದರು, “ನಮ್ಮ ಕೈಯಾಗ ವಿಷ ಅದ ಏನೋ. ರಾಯಚೂರಿನ ಕುದ್ರಿಗೆ ನಮ್ಮನಿ ನೀರು ಒಗ್ತದೋ ಇಲ್ಲೋ, ಅದನ್ನೂ ತೂಗಿ ನೋಡವ್ವಾ.”

ಮರುದಿನ ಕಾರಹುಣ್ಣಿಮೆಯ ಮುಂಚಿನ ದಿನ. ಆ ದಿನ ನಮ್ಮ ಮನೆಯಲ್ಲಿ ಎತ್ತುಗಳಿಗೆ ಹಬ್ಬ. ಮೈ ತೊಳೆದು, ಹುಗ್ಗಿ ತಿನ್ನಿಸಿ, ಗೊಟ್ಟ ಹಾಕುತ್ತಾರೆ. ಗೊಟ್ಟ ಎಂದರೆ ಒಂದು ತುದಿಯನ್ನು ಓರೆಯಾಗಿ ಕೊಯ್ದ ಬಿದಿರಿನ ಕೊಳವೆ. ಅದರಲ್ಲಿ ಎಣ್ಣೆ, ಹಸಿ ಮೊಟ್ಟೆ, ಅರಿಶಿನ ಕಲಸಿ ತುಂಬಿ, ಎತ್ತಿನ ಮುಖ ಮೇಲೆತ್ತಿ ಗಂಟಲಿಗೆ ಸುರಿಯುತ್ತಾರೆ. ಬೇಸಿಗೆ ಕಳೆದು ಉಳುಮೆಗೆ ಹೋಗುವ ಎತ್ತಿಗೆ ಕಸುವು ಬರಲಿ ಎಂದು. ನಮ್ಮ ಅಪ್ಪನ ಕೈಯಲ್ಲಿದ್ದ ಗೊಟ್ಟವೇ ಅಣ್ಣನ ಕೈಗೆ ಬಂದಿತ್ತು. ಎಣ್ಣೆ ಕುಡಿದು ಕುಡಿದು ಕಪ್ಪಗಾಗಿ, ಮುಟ್ಟಿದರೆ ನುಣ್ಣಗೆ ಜಾರುವಂಥದ್ದು.

ಎರಡೂ ಎತ್ತುಗಳಿಗೆ ಹಾಕಿಯಾಯಿತು. ಅಂಗಳದಲ್ಲಿ ನೆರೆಯವರು ನಾಲ್ಕು ಮಂದಿ ನಿಂತಿದ್ದರು. ಅಣ್ಣ ಮೂರನೆಯ ಸಲ ಗೊಟ್ಟ ತುಂಬಿಸಿಕೊಂಡು ಕುದುರೆಯ ಕಡೆ ನಡೆದ.

“ಅಣ್ಣಾ, ಅದಕ್ಕ ಬ್ಯಾಡ.”

ಅವನು ನಿಂತು ನನ್ನನ್ನು ನೋಡಿದ. “ಮನ್ಯಾಗಿನ ಒಂದು ಜೀವಕ್ಕ ಬಿಟ್ಟು ಉಳದಾವಕ್ಕ ಹಬ್ಬ ಮಾಡ್ಲೇನವ್ವಾ? ಇದೂ ದುಡದು ನಿನ್ನ ಹೊಟ್ಟಿ ತುಂಬಸ್ತದ. ವರ್ಷಕ್ಕೊಮ್ಮಿ. ಅಪ್ಪ ಇದ್ದಿದ್ರ ಇದಕ್ಕ ಮೊದಲು ಹಾಕ್ತಿದ್ದ.”

ನೆರೆಯವರಲ್ಲಿ ಒಬ್ಬರು, “ಕುದ್ರಿಗೆ ಹಾಕಿದ್ರ ರಾಯಚೂರಿಗೆ ಹಾರಿಕೋತ ಹೋಗ್ತದ ಬಿಡು,” ಎಂದರು. ಎಲ್ಲರೂ ನಕ್ಕರು. ಅತ್ತಿಗೆ ನಗಲಿಲ್ಲ, ನನ್ನ ಮುಖ ನೋಡುತ್ತಿದ್ದರು.

ಚಾಚಾನ ಮಾತು ನನ್ನ ಕಿವಿಯಲ್ಲೇ ಇತ್ತು. ಆದರೆ ಐದು ದಿನ ಬೇಡ ಬೇಡ ಎಂದು ನಾನೂ ದಣಿದಿದ್ದೆ. ಒಂದು ಸಲಕ್ಕೆ ಏನಾದೀತು ಎಂದುಕೊಂಡೆ. ಅಣ್ಣ, “ಮುಖ ಹಿಡಿ ಬಾ,” ಎಂದಾಗ ಹೋಗಿ ಹಗ್ಗ ಹಿಡಿದು ಮೇಲೆಳೆದೆ. ಅಪರಿಚಿತರು ಹಿಡಿದಿದ್ದರೆ ಕುದುರೆ ಒಪ್ಪುತ್ತಿರಲಿಲ್ಲ. ನಾನೆಂದು ಸುಮ್ಮನೆ ನಿಂತು ಕತ್ತು ಎತ್ತಿತು.

ಅರ್ಧ ಸುರಿಯುವುದರೊಳಗೆ ಕೆಮ್ಮಿತು. ಮೈ ಝಾಡಿಸಿ ಹಗ್ಗ ಕಿತ್ತುಕೊಂಡಿತು. ಮೂಗಿನಿಂದ ಹಳದಿ ಬುರುಗು ಬಂತು. ಅಣ್ಣ ತನ್ನ ಟವೆಲಿನಿಂದ ಅದನ್ನು ಒರೆಸಿ, “ಏನಿಲ್ಲ, ನೆತ್ತಿಗೆ ಹತ್ತಿತು,” ಎಂದು ಬೆನ್ನು ತಟ್ಟಿದ. ಆ ದಿನವೆಲ್ಲ ಅದು ಆಗಾಗ ಕೆಮ್ಮುತ್ತಲೇ ಇತ್ತು. ಸಂಜೆ ಬಲೆಯ ಹುಲ್ಲನ್ನು ಅರ್ಧ ಉಳಿಸಿತು.

ಹುಣ್ಣಿಮೆಯ ದಿನ ಬೆಳಿಗ್ಗೆ ನಾನು ಹೋಗಿ ನೋಡಿದಾಗ ಮುಖ ಕೆಳಗೆ ಬಿಟ್ಟು ನಿಂತಿತ್ತು. ಹುಲ್ಲು ಮುಟ್ಟಿರಲಿಲ್ಲ. ಕಿವಿ ಸುಡುತ್ತಿತ್ತು. ಪಕ್ಕೆ ತಿದಿಯ ಹಾಗೆ ಬಡಿಯುತ್ತಿತ್ತು. ಮೂಗಿನ ಹೊಳ್ಳೆಯ ಅಂಚಿನಲ್ಲಿ ಅರಿಶಿನದ ಕಲೆಯಿತ್ತು. ಅದನ್ನು ನನ್ನ ಸೆರಗಿನಿಂದ ಒರೆಸಿದೆ. ಯಾಕೆ ಒರೆಸಿದೆ ಎಂದು ಈವರೆಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಸ್ವಚ್ಛ ಮಾಡಲೆಂದೋ, ಯಾರೂ ನೋಡದಿರಲೆಂದೋ.

ಅಣ್ಣನೇ ಫೋನು ಮಾಡಿ ದೇವದುರ್ಗದಿಂದ ದನದ ಡಾಕ್ಟರನ್ನು ಕರೆಸಿದ. ಹಬ್ಬದ ದಿನವಾದರೂ ಅವರು ಬೈಕಿನಲ್ಲಿ ಬೇಗನೆ ಬಂದರು. ಮೊದಲ ಪ್ರಶ್ನೆ, “ಏನ್ ಕೊಟ್ಟಿದ್ರಿ?”

“ಏನಿಲ್ರೀ ಸಾಹೇಬ್ರ,” ಎಂದ ಅಣ್ಣ. “ಹುಲ್ಲು ಅಷ್ಟ. ರಾಯಚೂರಿಂದ ಬಂದದ, ಊರು ಬದಲಾತು, ಹುಲ್ಲು ಬದಲಾತು.” ಅಂಗಳದಲ್ಲಿ ನಿನ್ನೆಯ ನೆರೆಯವರೇ ಮತ್ತೆ ಬಂದು ನಿಂತಿದ್ದರು. ಅತ್ತಿಗೆ ನೆಲ ನೋಡುತ್ತಿದ್ದರು.

ಡಾಕ್ಟರು ಹೊಟ್ಟೆಗೆ ಕಿವಿಗೊಟ್ಟು ಕೇಳಿದರು. “ಹೊಸ ಹುಲ್ಲಿಗೆ ಹೊಟ್ಟಿ ಕಟ್ಟಿರಬಹುದು. ಮೂಗಿನಿಂದ ನಳಿಗಿ ಇಳಿಸಿ ಎಣ್ಣಿ ಬಿಡ್ಬೇಕಾಗ್ತದ,” ಎನ್ನುತ್ತ ಚೀಲ ಬಿಚ್ಚತೊಡಗಿದರು.

ಎಣ್ಣೆ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಅಣ್ಣನ ಕಡೆ ತಿರುಗಿದೆ. ಅಣ್ಣ ನನ್ನನ್ನು ನೋಡುತ್ತಿದ್ದ. ಆ ನೋಟದಲ್ಲಿ ಬೆದರಿಕೆ ಇರಲಿಲ್ಲ, ಬೇಡಿಕೆ ಇತ್ತು. ಊರಲ್ಲಿ ಯಾರ ಎತ್ತಿಗೆ ಹುಷಾರಿಲ್ಲದಿದ್ದರೂ ಜನ ಮೊದಲು ಬರುವುದು ಅವನ ಹತ್ತಿರ. ಅಂಥವನ ಕೈಯಿಂದ ಹೀಗಾಯಿತೆಂದು, ಹಬ್ಬದ ದಿನ, ಅವನ ಅಂಗಳದಲ್ಲೇ, ನಾನು ಹೇಳಬೇಕಿತ್ತು. ಹೇಳದಿದ್ದರೆ ಕುದುರೆ ಹೋಗುತ್ತಿತ್ತು.

“ಗೊಟ್ಟ ಹಾಕೀವ್ರೀ ಸಾಹೇಬ್ರ,” ಎಂದೆ. “ನಿನ್ನಿ ಮುಂಜಾನಿ. ಎಣ್ಣಿ, ತತ್ತಿ, ಅರಿಶಿಣ. ಹಾಕೂ ಮುಂದ ಕೆಮ್ಮಿತು, ಮೂಗಿನಾಗ ಬಂತು. ಹಗ್ಗ ನಾನ ಹಿಡಿದಿದ್ದೆ.”

ಡಾಕ್ಟರ ಕೈ ಚೀಲದಲ್ಲೇ ನಿಂತಿತು. “ಮೊದಲ ಹೇಳಬಾರದೇನ್ರೀ ತಾಯಿ!” ಎಂದು ಎದ್ದು ಬಂದು, ಈ ಸಲ ಎದೆಯ ಎರಡೂ ಬದಿಗೆ ಬಹಳ ಹೊತ್ತು ಕಿವಿಗೊಟ್ಟರು. ಜ್ವರ ನೋಡಿದರು. “ಶ್ವಾಸಕೋಶಕ್ಕ ಇಳಿದದ. ಹೊಟ್ಟಿ ಅಲ್ಲ ಇದು. ಎತ್ತಿಗೇ ಹಿಂಗ ಸುರೀಬಾರದು, ಕುದುರಿಗೆ ಸುರದೀರಲ್ಲ.” ಅಣ್ಣನ ಕಡೆ ತಿರುಗಿ ಮತ್ತೇನೋ ಹೇಳಲು ಹೊರಟವರು, ಅವನ ಮುಖ ನೋಡಿ ನಿಲ್ಲಿಸಿ ಸೂಜಿಗೆ ಔಷಧ ತುಂಬಿಸಿದರು.

ಸಂಜೆಯ ಬಸ್ಸಿಗೆ ಯಜಮಾನರು ಬಂದರು. ಕುದುರೆಯ ಕಿವಿ ಮುಟ್ಟಿ ನೋಡಿ, “ನಾ ಇದ್ದಿದ್ರ...” ಎಂದು ಅಲ್ಲಿಗೇ ನಿಲ್ಲಿಸಿದರು. ಆ ಮಾತನ್ನು ಅವರು ಇಂದಿಗೂ ಪೂರ್ತಿ ಮಾಡಿಲ್ಲ.

ಡಾಕ್ಟರು ದಿನಾ ಬಂದು ಸೂಜಿ ಹಾಕಿದರು. ನೆಲದ ಮಟ್ಟದಲ್ಲೇ ತಿನ್ನಿಸಿ, ಮುಖ ಕೆಳಗಿದ್ದರೆ ಎದೆಯಲ್ಲಿರುವುದು ಇಳಿಯುತ್ತದೆ, ಧೂಳು ತಾಗಬಾರದು, ಮೇವೆಲ್ಲ ತೋಯಿಸಿ ಕೊಡಿ ಎಂದರು. ಬಲೆ ಬಿಚ್ಚಿಟ್ಟು, ತಗ್ಗಾದ ಬುಟ್ಟಿಯಲ್ಲಿ ಹಸಿ ಹುಲ್ಲಿನ ಎಳೆ ಎಳೆ ಇಟ್ಟುಕೊಂಡು ನಾನು ಎದುರಿಗೆ ಕೂರುತ್ತಿದ್ದೆ. ಮೂಸುತ್ತಿತ್ತು, ಬಿಡುತ್ತಿತ್ತು. ನಾಲ್ಕನೆಯ ದಿನ ಅತ್ತಿಗೆ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಅವರ ಕೈಯಲ್ಲಿ ನೆನೆಸಿದ ಹುರುಳಿಯ ಬಟ್ಟಲಿತ್ತು. “ಇಷ್ಟು ಸಾಕೇನು? ತಕ್ಕಡಿಯಾಗ ತೂಗೀನಿ ಬೇ,” ಎಂದರು. ನನಗೆ ಅಳು ಬಂತು. ಅವರು ನೋಡದವರಂತೆ ನೊಣ ಓಡಿಸುತ್ತ ಕೂತರು. ಅವತ್ತು ಕುದುರೆ ಒಂದು ಹಿಡಿ ಹುಲ್ಲು ತಿಂದಿತು. ಹುರುಳಿಯನ್ನು ಎಮ್ಮೆಗೆ ಹಾಕಿದೆವು, ಕುದುರೆ ಕಾಳು ತಿನ್ನುವಷ್ಟು ಇನ್ನೂ ಚೇತರಿಸಿಕೊಂಡಿರಲಿಲ್ಲ.

ಅಣ್ಣ ದಿನಕ್ಕೆ ಎರಡು ಸಲ ಕುದುರೆ ಕುಡಿಯುವ ಬಾನಿಗೆ ಹೊಸ ನೀರು ತುಂಬುತ್ತಿದ್ದ. ನನ್ನ ಜೊತೆ ಮಾತಿಲ್ಲ. ಕುದುರೆಯ ಹತ್ತಿರ ಬರುತ್ತಿರಲಿಲ್ಲ, ಬಾನಿಯಿಂದಲೇ ತಿರುಗಿ ಹೋಗುತ್ತಿದ್ದ. ನಾವು ಹೊರಡುವ ದಿನ ಟೆಂಪೊದಲ್ಲಿ ಒಣ ಹುಲ್ಲು ಹಾಸಿ, ಅದಕ್ಕೆ ನೀರು ಚಿಮುಕಿಸಿ ಸಿದ್ಧ ಮಾಡಿದವನು ಅವನೇ. “ಧೂಳು ಏಳಬಾರದಲ್ಲ,” ಎಂದ. ಹಬ್ಬದ ನಂತರದ ಹದಿನೈದು ದಿನಗಳಲ್ಲಿ ಅವನು ನನಗೆ ಹೇಳಿದ್ದು ಅದೊಂದೇ.

ರಾಯಚೂರಿಗೆ ಬಂದ ಮೇಲೆ ಚಾಚಾಗೆ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. “ಮುಖ ಎಷ್ಟು ಎತ್ತಿದ್ರಿ?” ಎಂದು ಕೇಳಿದರು. ಕೈ ಎತ್ತಿ ತೋರಿಸಿದೆ. “ಯಾ ಅಲ್ಲಾ,” ಎಂದು ಕಣ್ಣು ಬೇರೆ ಕಡೆ ಮಾಡಿದರು.

ಕುದುರೆ ಉಳಿಯಿತು. ಮೊದಲಿನಂತಾಗಲಿಲ್ಲ. ನಾಲ್ಕು ಓಣಿ ದಾಟಿದರೆ ಉಸಿರಿನಲ್ಲಿ ಸೀಟಿಯಂಥ ಸದ್ದು ಬರುತ್ತದೆ. ಉದ್ದದ ಮೆರವಣಿಗೆಗಳನ್ನು ಯಜಮಾನರು ಬಿಟ್ಟಿದ್ದಾರೆ. ಕಲ್ಯಾಣ ಮಂಟಪದ ಗೇಟಿನಿಂದ ಬಾಗಿಲವರೆಗೆ, ಅಷ್ಟೇ ಒಪ್ಪಿಕೊಳ್ಳುತ್ತಾರೆ. “ನೀ ಹೇಳಿದ್ದಕ್ಕ ಉಳೀತು,” ಎಂದು ಒಮ್ಮೆ ಅವರು ಸಮಾಧಾನಕ್ಕೆ ಅಂದರು. ಒಂದು ದಿನ ಮೊದಲು, ಗೊಟ್ಟ ಹಿಡಿದು ಬಂದಾಗಲೇ ಅಡ್ಡ ನಿಂತಿದ್ದರೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ ಎಂಬುದು ಅವರಿಗೂ ಗೊತ್ತು.

ಈ ವರ್ಷ ಕಾರಹುಣ್ಣಿಮೆ ಮುಗಿದು ಎರಡು ದಿನಕ್ಕೆ ಅಣ್ಣ ಬಂದ. ಹೇಳದೆ ಬಂದ. ಕೈಯಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಬದುವಿನ ಹಸಿ ಹುಲ್ಲಿನ ಸಣ್ಣ ಕಟ್ಟು. ಬೇರು ಕೊಯ್ದು, ಮಣ್ಣು ತೊಳೆದು, ಒಣ ಕಡ್ಡಿ ಆರಿಸಿ ತೆಗೆದಿದ್ದ. ಚಹಾ ಕೊಟ್ಟರೆ ಅದನ್ನು ಕಟ್ಟೆಯ ಮೇಲಿಟ್ಟು ಎದ್ದ.

“ಕೊಡ್ಲೇನವ್ವಾ?” ಎಂದ.

ನನ್ನನ್ನು ಎತ್ತಿ ಆಡಿಸಿದವನು, ನನ್ನ ಮದುವೆಗೆ ಧಾರೆ ಎರೆದವನು, ನನ್ನ ಹಿತ್ತಲಲ್ಲಿ ನಿಂತು ಒಂದು ಹಿಡಿ ಹುಲ್ಲಿಗೆ ನನ್ನ ಅಪ್ಪಣೆ ಕೇಳುತ್ತಿದ್ದ. “ಕೊಡಣ್ಣಾ,” ಎಂದೆ.

ಅವನು ಹುಲ್ಲು ಚಾಚಿಕೊಂಡು ಎರಡು ಹೆಜ್ಜೆ ಮುಂದೆ ಹೋದ. ಕುದುರೆ ಕಿವಿ ಹಿಂದಕ್ಕೆ ಮಾಡಿತು. ಮೂತಿ ಎತ್ತಿ, ಹಗ್ಗ ಬಿಗಿಯುವವರೆಗೆ ಹಿಂದೆ ಸರಿಯಿತು. ಅಣ್ಣ ಅಲ್ಲೇ ನಿಂತ. ನಾನು ಹೋಗಿ ಹಗ್ಗ ಹಿಡಿದು ಸಮಾಧಾನ ಮಾಡಬಹುದಿತ್ತು. ನಾನು ಹಿಡಿದರೆ ಅದು ಈಗಲೂ ನಿಲ್ಲುತ್ತದೆ. ಹೋಗಲಿಲ್ಲ.

ಅವನು ಬಗ್ಗಿ ಹುಲ್ಲನ್ನು ತಗ್ಗಾದ ಬುಟ್ಟಿಯಲ್ಲಿ ಹರವಿ, ಹಿಂದೆ ಹಿಂದೆ ನಡೆದು ಬೇವಿನ ಮರದಾಚೆ ಹೋಗಿ ನಿಂತ. ಬಹಳ ಹೊತ್ತಾದ ಮೇಲೆ ಕುದುರೆ ಮುಖ ತಗ್ಗಿಸಿ ಮೂಸಿತು. ಮೊದಲ ಎಳೆ ಬಾಯಿಗೆ ಹೋದದ್ದನ್ನು ನಾನೂ ನೋಡಿದೆ, ಅವನೂ ನೋಡಿದ. ಅಗಿಯುವ ಸದ್ದಿನ ನಡುವೆ ಒಂದು ಸಲ ಕೆಮ್ಮಿತು. ಅಣ್ಣ ಮರಕ್ಕೆ ಕೈ ಕೊಟ್ಟು ನಿಂತು, ಅದರ ಪಕ್ಕೆಯನ್ನೇ ನೋಡುತ್ತಿದ್ದ. ಅವನ ತುಟಿ ಅಲುಗುತ್ತಿತ್ತು. ಅವನೂ ಎಣಿಸುತ್ತಿದ್ದ.